ಶಿಬಿರ ಮುಗಿದ ಮರುದಿನದಿಂದ ಸ್ವಯಂಸೇವಕರಿಗೆ ಕೆಲಸ ಕೊಡಿ: ಒಂದು ಬಹಿರಂಗ ಪತ್ರ

ಕ್ಯಾನ್ಸರ್ ಕಾರ್ಯಕ್ರಮದ ಹೊಣೆ ಹೊತ್ತ ಆರೋಗ್ಯಾಧಿಕಾರಿಗಳಿಗೆ, ಆಸ್ಪತ್ರೆಗಳ ಆಡಳಿತ ಮಂಡಳಿಗಳಿಗೆ, ದಾನಿಗಳಿಗೆ ಮತ್ತು ಸ್ವಯಂಸೇವೆಗೆ ಮುಂದೆ ಬರುವ ಎಲ್ಲರಿಗೂ,

ಮಾನ್ಯರೇ,

ಒಂದು ಪ್ರದೇಶದ ಜನ ಕ್ಯಾನ್ಸರ್ ವಿಷಯದಲ್ಲಿ ಏನಾದರೂ ಮಾಡಬೇಕು ಎಂದು ಒಟ್ಟಿಗೆ ಕೂತಾಗ ಮೊದಲು ಹೊಳೆಯುವುದು ತಪಾಸಣಾ ಶಿಬಿರ. ದಿನ ಗೊತ್ತು ಮಾಡುತ್ತಾರೆ, ಬ್ಯಾನರ್ ಕಟ್ಟುತ್ತಾರೆ, ವೈದ್ಯರು ಬಂದು ನೂರಾರು ಜನರನ್ನು ನೋಡುತ್ತಾರೆ, ಸಂಜೆ ಹೊತ್ತಿಗೆ ಇಷ್ಟು ಮಂದಿಯ ತಪಾಸಣೆ ಆಯಿತು ಎಂಬ ಲೆಕ್ಕ ಹೊರಬೀಳುತ್ತದೆ. ನಾವು ಕೇಳುತ್ತಿರುವ ಲೆಕ್ಕ ಬೇರೆ. ಆ ದಿನ ಅನುಮಾನ ಬಂದವರಲ್ಲಿ ಎಷ್ಟು ಮಂದಿಗೆ ಬಯಾಪ್ಸಿ (ಅನುಮಾನದ ಜಾಗದಿಂದ ಚಿಕ್ಕ ತುಣುಕು ತೆಗೆದು ಮಾಡುವ ಪರೀಕ್ಷೆ) ಆಯಿತು? ಎಷ್ಟು ಮಂದಿ ಚಿಕಿತ್ಸೆ ಶುರು ಮಾಡಿದರು? ಎಷ್ಟು ಮಂದಿ ಪೂರ್ತಿ ಮುಗಿಸಿದರು? ಜನ ಕೈತಪ್ಪಿ ಹೋಗುವುದು ಈ ಮೂರು ಪ್ರಶ್ನೆಗಳ ನಡುವಿನ ವಾರಗಳಲ್ಲಿ. ಸ್ವಯಂಸೇವಕರ ಶ್ರಮವನ್ನೂ ದಾನಿಗಳ ಹಣವನ್ನೂ ಆ ವಾರಗಳಿಗೆ ತಿರುಗಿಸಿ ಎನ್ನುವುದು ನಮ್ಮ ವಿನಂತಿ.

ತರಬೇತಿ ಪಡೆದ ಸಾಮಾನ್ಯರು ಕ್ಯಾನ್ಸರ್ ಸಾವುಗಳನ್ನು ತಗ್ಗಿಸಬಲ್ಲರು ಎನ್ನುವುದಕ್ಕೆ ಗಟ್ಟಿ ಪುರಾವೆ ಇದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಮಹಿಳೆಯರಿದ್ದರು. ವೈದ್ಯಕೀಯ ಪದವಿ ಇಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಗರ್ಭಕೊರಳಿಗೆ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ ಬಿಳಿ ಮಚ್ಚೆ ಕಾಣುತ್ತದೆಯೇ ಎಂದು ನೋಡಿದರು. ಹೀಗೆ ತಪಾಸಣೆಯಾದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರ್‌ನಿಂದಾಗುವ ಸಾವು ಶೇ. 31ರಷ್ಟು ಕಡಿಮೆಯಾಯಿತು. ತಿರುವನಂತಪುರದಲ್ಲಿ 1996ರಲ್ಲಿ ಆರಂಭವಾಗಿ 2005ರಲ್ಲಿ ಫಲಿತಾಂಶ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತಪಾಸಣೆ ಮಾಡಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ತಗ್ಗಿತು.

ಈ ಎರಡನೆಯ ಪ್ರಯೋಗದಲ್ಲೇ ಇನ್ನೊಂದು ಅಂಕಿ ಇದೆ, ಅದನ್ನು ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ. ಬಾಯಲ್ಲಿ ಅನುಮಾನಾಸ್ಪದ ಗಾಯ ಕಂಡು ವೈದ್ಯರ ಬಳಿ ಹೋಗಿ ಎಂದು ಹೇಳಿಸಿಕೊಂಡವರು 5,145 ಮಂದಿ. ಹೋದವರು 3,218, ಅಂದರೆ ಶೇ. 63. ಹಣ, ತರಬೇತಿ, ಮೇಲ್ವಿಚಾರಣೆ ಎಲ್ಲವೂ ಇದ್ದ ಒಂದು ಅಧ್ಯಯನದಲ್ಲೇ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಮುಂದಿನ ಹೆಜ್ಜೆ ಇಡಲಿಲ್ಲ ಎಂದಾದರೆ, ಒಂದೇ ದಿನದಲ್ಲಿ ಮುಗಿದುಹೋಗುವ ಶಿಬಿರದಲ್ಲಿ ಚೀಟಿ ಬರೆದು ಕೈಗಿಟ್ಟವರ ಗತಿ ಏನಾಗಿರಬೇಕು?

ಹಾಗಾದರೆ ಮೊದಲು ಬೇಕಾದದ್ದು ಒಂದು ರಿಜಿಸ್ಟರು. ಕಂಪ್ಯೂಟರಿನಲ್ಲಿದ್ದರೆ ಒಳ್ಳೆಯದು, ದಪ್ಪ ನೋಟ್‌ಬುಕ್ಕಾದರೂ ಸಾಕು. ಅನುಮಾನ ಬಂದ ಪ್ರತಿಯೊಬ್ಬರಿಗೂ ಒಂದು ಸಾಲು: ಹೆಸರು, ವಯಸ್ಸು, ಎರಡು ಫೋನ್ ನಂಬರು, ಮನೆ ಗುರುತು, ಕಂಡದ್ದೇನು, ಎಲ್ಲಿಗೆ ಕಳುಹಿಸಿದ್ದು. ಆಮೇಲೆ ನಾಲ್ಕು ತಾರೀಖುಗಳಿಗೆ ಖಾಲಿ ಜಾಗ: ವೈದ್ಯರನ್ನು ಕಂಡದ್ದು, ಬಯಾಪ್ಸಿ ರಿಪೋರ್ಟು ಕೈಗೆ ಬಂದದ್ದು, ಚಿಕಿತ್ಸೆ ಶುರುವಾದದ್ದು, ಮುಗಿದದ್ದು. ಕೊನೆಯಲ್ಲಿ ಆ ಸಾಲಿಗೆ ಹೊಣೆಯಾದ ಸ್ವಯಂಸೇವಕರ ಹೆಸರು. ಈ ಕೊನೆಯ ಕಾಲಮ್ಮನ್ನು ಖಾಲಿ ಬಿಡಲೇಬೇಡಿ. ‘ತಂಡ ನೋಡಿಕೊಳ್ಳುತ್ತದೆ’ ಎಂದು ಬಿಟ್ಟ ಸಾಲನ್ನು ಯಾರೂ ನೋಡುವುದಿಲ್ಲ.

ಎರಡು ಫೋನ್ ನಂಬರು ಏಕೆಂದರೆ ಮೊದಲನೆಯದು ಬಹಳ ಸಲ ಮಗನದೋ ಅಳಿಯನದೋ ಆಗಿರುತ್ತದೆ, ಆತ ಬೇರೆಲ್ಲೋ ಕೆಲಸದಲ್ಲಿರುತ್ತಾನೆ. ನಂಬರು ಬರೆದುಕೊಂಡ ಜಾಗದಲ್ಲೇ ಒಂದು ಸಲ ರಿಂಗ್ ಕೊಟ್ಟು ನೋಡಿ. ಒಂದಂಕಿ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಫೋನ್ ಎತ್ತಿದವರಿಗೆಲ್ಲ ಕಾಯಿಲೆಯ ಹೆಸರು ಹೇಳಬಾರದು. ಯಾರು ಮಾತಾಡುತ್ತಿರುವುದು ಎಂದು ಖಚಿತವಾಗುವವರೆಗೆ ‘ತಪಾಸಣೆಯ ಬಗ್ಗೆ ಮಾತಾಡಬೇಕಿತ್ತು, ಅವರು ಯಾವಾಗ ಸಿಗಬಹುದು?’ ಎಂಬಷ್ಟೇ ಸಾಕು. ಮನೆಗೆ ಹೋಗುವಾಗ ‘ಕ್ಯಾನ್ಸರ್ ತಪಾಸಣೆ’ ಎಂದು ದೊಡ್ಡಕ್ಷರದಲ್ಲಿ ಬರೆದ ವ್ಯಾನನ್ನು ಬಾಗಿಲಿಗೆ ತಂದು ನಿಲ್ಲಿಸಬೇಡಿ. ಬೀದಿಗೆಲ್ಲ ಸುದ್ದಿಯಾದರೆ ಆ ಮನೆಯವರು ಮತ್ತೆ ಬಾಗಿಲು ತೆರೆಯುವುದಿಲ್ಲ. ಕ್ರಮ ಹೀಗಿರಲಿ: ಒಂದು ವಾರದೊಳಗೆ ಮೊದಲ ಕರೆ, ಸಿಗದಿದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಇನ್ನೆರಡು, ಆಗಲೂ ಸಿಗದಿದ್ದರೆ ಎರಡನೆಯ ವಾರ ಮನೆ ಭೇಟಿ. ಸಮಯ ಕೊಟ್ಟ ದಿನ ಬರದವರಿಗೆ ಮರುದಿನವೇ ಕರೆ ಹೋಗಬೇಕು, ತಿಂಗಳ ಸಭೆಯವರೆಗೆ ಕಾಯಬಾರದು.

ಈ ಕೆಲಸ ಹೊಸದೇನಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಶಸ್ತ್ರವೈದ್ಯ ಹೆರಾಲ್ಡ್ ಫ್ರೀಮನ್ 1990ರಲ್ಲಿ ರೋಗಿಗಳ ಜೊತೆ ಹೆಜ್ಜೆ ಹಾಕುವ ಮಾರ್ಗದರ್ಶಕರನ್ನು ನೇಮಿಸಿದರು. ಅಲ್ಲಿ ಹಿಂದಿನ ವರ್ಷಗಳಲ್ಲಿ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಐದು ವರ್ಷ ಬದುಕುಳಿದವರು ಶೇ. 39 ಮಾತ್ರ. ಉಚಿತ ಅಥವಾ ಅಗ್ಗದ ತಪಾಸಣೆಯ ಜೊತೆಗೆ ಈ ಮಾರ್ಗದರ್ಶಕರೂ ಸೇರಿದ ಮೇಲೆ ಬಂದ ರೋಗಿಗಳಲ್ಲಿ ಅದು ಶೇ. 70ಕ್ಕೆ ಏರಿತು. ಮಾರ್ಗದರ್ಶಕರು ಔಷಧ ಕೊಡಲಿಲ್ಲ. ಯಾವ ಕೌಂಟರಿಗೆ ಹೋಗಬೇಕು, ಯಾವ ಕಾಗದ ಬೇಕು, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೇ, ಜೊತೆಗೆ ಯಾರು ಬರುತ್ತಾರೆ ಎಂಬುದನ್ನು ನೋಡಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರಂಭಿಸಿದ ಸ್ತನ ಕ್ಯಾನ್ಸರ್ ಉಪಕ್ರಮದ ಗುರಿಗಳನ್ನು ನೋಡಿ: ಶೇ. 60ಕ್ಕಿಂತ ಹೆಚ್ಚು ಪ್ರಕರಣಗಳು ಮೊದಲೆರಡು ಹಂತದಲ್ಲೇ ಪತ್ತೆಯಾಗಬೇಕು, ಮೊದಲು ತೋರಿಸಿದ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕು, ಶೇ. 80ಕ್ಕಿಂತ ಹೆಚ್ಚು ಮಂದಿ ಶಿಫಾರಸು ಮಾಡಿದ ಚಿಕಿತ್ಸೆಯನ್ನು ಪೂರೈಸಬೇಕು. ಮೂರರಲ್ಲಿ ಎರಡು ಗುರಿಗಳು ಈಡೇರಬೇಕಾದರೆ ರೋಗಿಯ ಹಿಂದೆ ಬಿದ್ದು ವಿಚಾರಿಸುವ ಒಬ್ಬರು ಬೇಕು.

ಆ 60 ದಿನ ಎಲ್ಲಿ ಕರಗುತ್ತವೆ ಎನ್ನುವುದಕ್ಕೆ ಬಯಾಪ್ಸಿ ಬಾಟಲಿಯೊಂದೇ ಸಾಕು. ಚಿಕ್ಕ ಆಸ್ಪತ್ರೆಯಲ್ಲಿ ತೆಗೆದ ತುಣುಕು ದೂರದ ಪ್ರಯೋಗಾಲಯಕ್ಕೆ ಹೋಗಬೇಕು, ಒಯ್ಯುವವರು ಎಷ್ಟೋ ಕಡೆ ರೋಗಿಯ ಮನೆಯವರು ಅಥವಾ ಸ್ವಯಂಸೇವಕರು. ತುಣುಕು ತೆಗೆದ ಒಂದು ಗಂಟೆಯೊಳಗೆ, ಅದು ಕೆಡದಂತೆ ಕಾಪಾಡುವ ಶೇ. 10ರ ಬಫರ್ ಮಾಡಿದ ಫಾರ್ಮಲಿನ್‌ನಲ್ಲಿ ಮುಳುಗಿರಬೇಕು, ದ್ರಾವಣ ತುಣುಕಿನ ಗಾತ್ರದ ಕನಿಷ್ಠ ಹತ್ತು ಪಟ್ಟು ಇರಬೇಕು. ನೀರಿನಲ್ಲೋ ಸಲೈನ್‌ನಲ್ಲೋ ಹಾಕಿಟ್ಟರೆ ಜೀವಕೋಶಗಳು ಕೊಳೆಯುತ್ತವೆ, ರಿಪೋರ್ಟು ಬರುವುದೇ ಇಲ್ಲ. ಸ್ತನದ ತುಣುಕಾದರೆ ಫಾರ್ಮಲಿನ್‌ನಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ; ಅದರಾಚೆ ಹಾರ್ಮೋನ್ ಗ್ರಾಹಕಗಳ ಪರೀಕ್ಷೆ ತಪ್ಪು ಉತ್ತರ ಕೊಡಬಹುದು, ಆಗ ಬೇಕಾದ ಔಷಧ ರೋಗಿಗೆ ಸಿಗದೇ ಹೋಗಬಹುದು. ಬಾಟಲಿಯ ಬಾಯಿ ಅಗಲವಾಗಿರಲಿ, ಏಕೆಂದರೆ ಫಾರ್ಮಲಿನ್‌ನಲ್ಲಿ ಗಟ್ಟಿಯಾದ ತುಣುಕು ಕಿರಿದಾದ ಬಾಯಿಂದ ಹೊರಬರುವುದಿಲ್ಲ. ಹೆಸರಿನ ಚೀಟಿ ಬಾಟಲಿಯ ಮೈಮೇಲಿರಲಿ, ಮುಚ್ಚಳದ ಮೇಲೆ ಬೇಡ. ಪ್ರಯೋಗಾಲಯದ ಮೇಜಿನ ಮೇಲೆ ನಾಲ್ಕು ಮುಚ್ಚಳ ಒಟ್ಟಿಗೆ ತೆಗೆದಿಟ್ಟರೆ ಯಾವುದು ಯಾರದು ಎಂದು ಹೇಳುವವರಿಲ್ಲ. ಒಯ್ಯುವವರು ತೆಗೆದ ಸಮಯವನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು, ಕೊಟ್ಟದ್ದಕ್ಕೆ ರಸೀದಿ ಪಡೆಯಬೇಕು, ರಿಪೋರ್ಟಿನ ತಾರೀಖು ಕೇಳಿಕೊಂಡು ರಿಜಿಸ್ಟರಿಗೆ ಹಾಕಬೇಕು. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ಚಿಕಿತ್ಸೆ ಶುರುವಾದ ಮೇಲೆ ಆತಂಕ ಕಡಿಮೆಯಾಯಿತು ಎಂದು ಊರಿನವರು ಭಾವಿಸುತ್ತಾರೆ. ಅಲ್ಲಿಂದಲೇ ಕಷ್ಟದ ಇನ್ನೊಂದು ಸುತ್ತು ಆರಂಭ. ರೇಡಿಯೇಷನ್ ವಾರಕ್ಕೆ ಐದು ದಿನ, ಅನೇಕರಿಗೆ ಐದರಿಂದ ಏಳು ವಾರ. ಯಂತ್ರದ ಕೆಳಗೆ ಇರುವುದು ಕೆಲವೇ ನಿಮಿಷ, ಅದಕ್ಕಾಗಿ ದಿನವೂ ನೂರಾರು ಕಿಲೋಮೀಟರ್ ಪ್ರಯಾಣ. ಮೂರನೆಯ ವಾರಕ್ಕೆ ಜನ ನಿಲ್ಲಿಸುತ್ತಾರೆ. ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ಹೊರಗಿನಿಂದ ಕೊಡುವ ರೇಡಿಯೇಷನ್ನೂ ಒಳಗೆ ಇಟ್ಟು ಕೊಡುವ ಬ್ರಾಕಿಥೆರಪಿಯೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ದಿನ ಜಾರಿದಂತೆ ಉಳಿದ ಗಡ್ಡೆ ಮತ್ತೆ ಬೆಳೆಯಲು ಸಮಯ ಸಿಗುತ್ತದೆ, ಗುಣವಾಗುವ ಸಾಧ್ಯತೆ ಇಳಿಯುತ್ತದೆ. ಆದ್ದರಿಂದ ಆಸ್ಪತ್ರೆಯ ಹತ್ತಿರ ಹತ್ತು ಹಾಸಿಗೆಯ ಒಂದು ತಂಗುಮನೆ ಎಷ್ಟೋ ಶಿಬಿರಗಳಿಗಿಂತ ಹೆಚ್ಚು ಜೀವ ಉಳಿಸುತ್ತದೆ ಎನ್ನುವುದು ನಮ್ಮ ದೃಢ ಅಭಿಪ್ರಾಯ. ಹಣ ಇದ್ದ ಸಂಘಗಳು ಮೊದಲು ಇದನ್ನು ಯೋಚಿಸಲಿ.

ಬಾಯಿ, ಗಂಟಲಿನ ಕ್ಯಾನ್ಸರಿನವರು ತಂಗುವ ಮನೆಯಲ್ಲಿ ಆಹಾರವನ್ನು ನುಣ್ಣಗೆ ಅರೆಯುವ ಮಿಕ್ಸರ್ ಮತ್ತು ಜಾಲರಿ ಬೇಕೇ ಬೇಕು. ನುಂಗಲಾಗದವರಿಗೆ ಮೂಗಿನ ನಳಿಕೆಯಿಂದ ಉಣಿಸುವಾಗ ರೋಗಿ ಒರಗಿ ಕೂತಿರಬೇಕು, ಉಣಿಸಿದ ಮೇಲೂ ಅರ್ಧ ಗಂಟೆ ಹಾಗೇ ಇರಬೇಕು, ಇಲ್ಲದಿದ್ದರೆ ಆಹಾರ ಶ್ವಾಸಕೋಶಕ್ಕೆ ಹೋಗುವ ಅಪಾಯ. ಪ್ರತಿ ಸಲ ಮೊದಲೂ ಆಮೇಲೂ ಸುಮಾರು 30 ಮಿಲಿಲೀಟರ್ ನೀರು ಹಾಯಿಸಬೇಕು. ನಳಿಕೆ ಕಟ್ಟಿಕೊಳ್ಳುವುದು ಹೆಚ್ಚಾಗಿ ಸರಿಯಾಗಿ ಪುಡಿಯಾಗದ ಮಾತ್ರೆಯಿಂದ. ರಾತ್ರಿ ಕಟ್ಟಿಕೊಂಡರೆ ಬಲವಂತವಾಗಿ ಒತ್ತಬೇಡಿ, ನರ್ಸನ್ನು ಕರೆಯಿರಿ. ನಳಿಕೆ ಜಾರಿ ಹೊರಗೆ ಬಂದಿದ್ದರೆ ಮನೆಯವರು ಮತ್ತೆ ಒಳಗೆ ತಳ್ಳಬಾರದು.

ಕೀಮೋ ಪಡೆಯುತ್ತಿರುವವರ ಮನೆಯಲ್ಲಿ ಇರಬೇಕಾದ ಅತಿ ಮುಖ್ಯ ವಸ್ತು ಡಿಜಿಟಲ್ ಥರ್ಮಾಮೀಟರ್. ಕೀಮೋ ಕೊಟ್ಟ ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಬಿಳಿರಕ್ತಕಣಗಳು ಸಾಮಾನ್ಯವಾಗಿ ತೀರಾ ಕೆಳಗಿಳಿಯುತ್ತವೆ. ಆಗ ಬರುವ ಜ್ವರವನ್ನು ಸಾಮಾನ್ಯ ಜ್ವರವೆಂದು ನೋಡುವಂತಿಲ್ಲ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿತೆಂದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಬೇಕು. ಅಲ್ಲಿ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಬೀಳಬೇಕು. ಎಡವಟ್ಟಾಗುವುದು ಹೀಗೆ: ಮನೆಯವರು ಪ್ಯಾರಾಸಿಟಮಾಲ್ ಕೊಡುತ್ತಾರೆ, ಜ್ವರ ಇಳಿಯುತ್ತದೆ, ಬೆಳಿಗ್ಗೆ ನೋಡೋಣ ಎನ್ನುತ್ತಾರೆ. ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ, ಬೆಳಗಾಗುವ ಹೊತ್ತಿಗೆ ರಕ್ತದೊತ್ತಡ ಕುಸಿದಿರುತ್ತದೆ. ಸ್ವಯಂಸೇವಕರು ಪ್ರತಿ ಕೀಮೋ ನಂತರ ಆ ವಾರದಲ್ಲಿ ಎರಡು ಸಲ ಫೋನ್ ಮಾಡಿ ‘ಜ್ವರ ನೋಡಿದಿರಾ?’ ಎಂದು ಕೇಳಲಿ. ರಾತ್ರಿ ಹೊರಡುವ ಒಂದು ವಾಹನದ ನಂಬರು, ಆಸ್ಪತ್ರೆಯ ತುರ್ತು ವಿಭಾಗದ ನಂಬರು, ಯಾವ ಕೀಮೋ ಯಾವ ದಿನ ಆಯಿತು ಎಂಬ ಸಾಲು, ಇವು ಮೂರೂ ಇರುವ ಕಾರ್ಡ್ ರೋಗಿಯ ಕೈಯಲ್ಲಿರಲಿ. ತುರ್ತು ವಿಭಾಗದಲ್ಲಿ ಆ ಹೊತ್ತಿಗೆ ಇರುವ ವೈದ್ಯರಿಗೆ ಆ ಸಾಲು ಕಂಡರೆ ರೋಗಿಯನ್ನು ಸರದಿಯಲ್ಲಿ ಕೂರಿಸುವುದಿಲ್ಲ. ನೆಗಡಿ, ಕೆಮ್ಮು ಇರುವ ಸ್ವಯಂಸೇವಕರು ಇಂಥವರ ಮನೆಗೆ ಹೋಗಬಾರದೆಂದು ಬೇರೆ ಹೇಳಬೇಕಿಲ್ಲ.

ರಕ್ತದಾನದ ವಿಷಯ. ಯಾವುದೋ ಆಚರಣೆಯ ದಿನ ಒಟ್ಟಿಗೆ ಮುನ್ನೂರು ಯೂನಿಟ್ ಕೊಡುವ ಉತ್ಸಾಹ ದೊಡ್ಡದು, ಅದಕ್ಕೆ ನಮ್ಮ ಗೌರವವಿದೆ. ಆದರೆ ರಕ್ತಕ್ಯಾನ್ಸರಿನ ವಾರ್ಡಿಗೆ ದಿನಾ ಬೇಕಾದದ್ದು ಪ್ಲೇಟ್‌ಲೆಟ್, ಅದು ಬಾಳುವುದು ಐದೇ ದಿನ. ಫ್ರಿಜ್ಜಿನಲ್ಲಿಟ್ಟರೆ ಕೆಡುತ್ತದೆ, 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತಲೇ ಇಡಬೇಕು. ಕೆಂಪು ಕಣಗಳಾದರೂ 35ರಿಂದ 42 ದಿನಕ್ಕೆ ಮುಗಿಯುತ್ತವೆ. ಹಾಗಾಗಿ ವರ್ಷಕ್ಕೊಂದು ದೊಡ್ಡ ಶಿಬಿರದ ಬದಲು ದಾನಿಗಳ ಸರದಿ ಪಟ್ಟಿ ಬೇಕು: ಈ ವಾರ ಯಾರು, ಮುಂದಿನ ವಾರ ಯಾರು, ಕರೆದರೆ ಎರಡು ಗಂಟೆಯಲ್ಲಿ ಬರುವವರು ಯಾರು. ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ತೆಗೆದರೆ ಒಬ್ಬ ದಾನಿಯಿಂದ ಸಿಗುವುದು ಐದಾರು ಜನರ ರಕ್ತದಿಂದ ಬೇರ್ಪಡಿಸಿದ್ದಕ್ಕೆ ಸಮ. ಒಂದೂವರೆ ಎರಡು ಗಂಟೆ ಹಿಡಿಯುತ್ತದೆ, ಹಿಂದಿನ ಎರಡು ಮೂರು ದಿನ ಆಸ್ಪಿರಿನ್ ತೆಗೆದುಕೊಂಡಿರಬಾರದು. ಅಸ್ಥಿಮಜ್ಜೆ ಕಸಿಯ ಸಾಧ್ಯತೆ ಇರುವ ರೋಗಿಗೆ ಒಡಹುಟ್ಟಿದವರು, ತಂದೆತಾಯಿ ರಕ್ತ ಕೊಡಬಾರದು. ಅವರದೇ ಮಜ್ಜೆ ಬೇಕಾಗುವ ದಿನ ದೇಹ ಅದನ್ನು ತಿರಸ್ಕರಿಸುವ ಸಾಧ್ಯತೆ ಹೆಚ್ಚುತ್ತದೆ. ಮನೆಯವರು ಪ್ರೀತಿಯಿಂದ ಮೊದಲು ಮುಂದೆ ಬರುತ್ತಾರೆ, ಆ ಹೊತ್ತಿನಲ್ಲಿ ಹೊರಗಿನ ದಾನಿಗಳ ಪಟ್ಟಿ ಕೈಯಲ್ಲಿದ್ದರೆ ಮಾತ್ರ ಅವರನ್ನು ತಡೆಯಲು ಸಾಧ್ಯ.

ಮಕ್ಕಳ ವಿಷಯದಲ್ಲಿ ಗಡಿಯಾರ ಇನ್ನೂ ಉದ್ದ. ಮಕ್ಕಳಲ್ಲಿ ಹೆಚ್ಚು ಕಾಣುವ ರಕ್ತಕ್ಯಾನ್ಸರಿಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ತಿಂಗಳಿಗೇ ಮಗು ಆಡಲು ಶುರು ಮಾಡುತ್ತದೆ, ಗುಣವಾಯಿತೆಂದು ಮನೆಯವರು ನಿಲ್ಲಿಸುತ್ತಾರೆ, ರೋಗ ಮರಳುತ್ತದೆ. ಸತತ ನಾಲ್ಕು ವಾರ ಬಾರದಿದ್ದರೆ ಅದನ್ನು ಚಿಕಿತ್ಸೆ ಕೈಬಿಟ್ಟದ್ದೆಂದು ವೈದ್ಯರು ಎಣಿಸುತ್ತಾರೆ. ಸ್ವಯಂಸೇವಕರು ನಾಲ್ಕನೆಯ ದಿನವೇ ಬಾಗಿಲು ತಟ್ಟಿರಬೇಕು. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಬಡ ದೇಶಗಳಲ್ಲಿ ಅನೇಕ ಕಡೆ ಶೇ. 30 ಕೂಡ ದಾಟುವುದಿಲ್ಲ. ಆ ಅಂತರಕ್ಕೆ ಅರ್ಧದಲ್ಲಿ ನಿಂತ ಚಿಕಿತ್ಸೆಯೂ ಒಂದು ಮುಖ್ಯ ಕಾರಣ. ಶಿಕ್ಷಕರಿಗೂ ಒಂದು ಮಾತು: ಫೋಟೋದಲ್ಲಿ ಮಗುವಿನ ಕಣ್ಣಿನ ಪಾಪೆ ಬಿಳಿಯಾಗಿ ಹೊಳೆದರೆ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಲು ಹೇಳಿ.

ಇನ್ನು ಮಾಡಬಾರದ ಕೆಲಸಗಳ ಬಗ್ಗೆ ನೇರವಾಗಿ ಹೇಳುತ್ತೇವೆ. ಆರೋಗ್ಯವಂತರಿಗೆ ‘ಕ್ಯಾನ್ಸರ್ ಪತ್ತೆ ಮಾಡುವ ರಕ್ತ ಪರೀಕ್ಷೆ’ ಎಂದು ಟ್ಯೂಮರ್ ಮಾರ್ಕರ್‌ಗಳ (ಕೆಲವು ಕ್ಯಾನ್ಸರ್‌ಗಳಲ್ಲಿ ರಕ್ತದಲ್ಲಿ ಏರುವ ವಸ್ತುಗಳ) ಪ್ಯಾಕೇಜ್ ಕೊಡಿಸಬೇಡಿ. ಸಿಎ-125, ಸಿಇಎ ಮುಂತಾದವು ರೋಗ ಖಚಿತವಾದವರ ಮೇಲೆ ಕಣ್ಣಿಡಲು ಉಪಯುಕ್ತ. ಆರೋಗ್ಯವಂತರಲ್ಲಿ ಬೇರೆ ಕಾರಣಕ್ಕೂ ಏರುತ್ತವೆ, ಕ್ಯಾನ್ಸರ್ ಇದ್ದರೂ ಏರದೇ ಇರುತ್ತವೆ. ಕುತ್ತಿಗೆ ಸ್ಕ್ಯಾನ್ ಮಾಡಿ ಥೈರಾಯ್ಡ್ ಗಂಟು ಹುಡುಕುವ ಶಿಬಿರವೂ ಬೇಡ. ದಕ್ಷಿಣ ಕೊರಿಯಾದಲ್ಲಿ ಹೀಗೆ ಹುಡುಕುತ್ತಾ ಹೋಗಿ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರ ಹದಿನೈದು ಪಟ್ಟು ಆಯಿತು, ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಎಂದೂ ತೊಂದರೆ ಕೊಡದಿದ್ದ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿ ಕಳೆದುಕೊಂಡು ಬದುಕಿಡೀ ಮಾತ್ರೆ ನುಂಗುವಂತಾಯಿತು. ಸ್ತನದ ಎಕ್ಸ್-ರೇ ತೆಗೆಯುವ ಮ್ಯಾಮೋಗ್ರಾಮ್ ಯಂತ್ರ ದಾನ ಕೊಡುವ ಮೊದಲು ಚಿತ್ರಗಳನ್ನು ಓದುವ ರೇಡಿಯಾಲಜಿಸ್ಟ್ ಯಾರು, ವಾರ್ಷಿಕ ನಿರ್ವಹಣೆಯ ಹಣ ಯಾರದು, ಅನುಮಾನ ಬಂದರೆ ಅಲ್ಲೇ ಸೂಜಿ ಬಯಾಪ್ಸಿ ಆಗುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಮೂರಕ್ಕೂ ಉತ್ತರ ಇಲ್ಲದಿದ್ದರೆ ಆ ಹಣವನ್ನು ಪ್ರಯಾಣಕ್ಕೂ ತಂಗುಮನೆಗೂ ಕೊಡಿ. ತಪಾಸಣೆಯಲ್ಲಿರುವ ಮಹಿಳೆಯರ ಫೋಟೋ ತೆಗೆಯುವುದನ್ನಂತೂ ಸಂಪೂರ್ಣ ನಿಲ್ಲಿಸಿ.

ತಪಾಸಣೆ ಮಾಡುವುದೇ ಆದರೆ ಸರಿಯಾಗಿ ಮಾಡಿ. ಗರ್ಭಕೊರಳಿಗೆ ಹಚ್ಚುವ ಅಸಿಟಿಕ್ ಆಮ್ಲದ ದ್ರಾವಣ ಶೇ. 3ರಿಂದ 5 ಇರಬೇಕು, ಆ ದಿನವೇ ತಯಾರಿಸಿರಬೇಕು, ಹಚ್ಚಿದ ಮೇಲೆ ಪೂರ್ತಿ ಒಂದು ನಿಮಿಷ ಕಾಯಬೇಕು. ಸರದಿ ಉದ್ದವಾದಾಗ ಆ ನಿಮಿಷ ಇಪ್ಪತ್ತು ಸೆಕೆಂಡಾಗುತ್ತದೆ, ಮಚ್ಚೆ ಮೂಡುವ ಮೊದಲೇ ‘ಏನಿಲ್ಲ’ ಎಂದು ಕಳಿಸಿಬಿಡುತ್ತಾರೆ. ಬೆಳಕು ಪ್ರಖರವಾಗಿ, ಬಿಳಿಯಾಗಿರಬೇಕು. ಮುಟ್ಟು ನಿಂತ ಮಹಿಳೆಯರಲ್ಲಿ ನೋಡಬೇಕಾದ ಭಾಗ ಒಳಗೆ ಸರಿದಿರುವುದರಿಂದ ಈ ವಿಧಾನ ಅವರಿಗೆ ಹೊಂದುವುದಿಲ್ಲ. ಎಚ್‌ಪಿವಿ ಡಿಎನ್‌ಎ ಪರೀಕ್ಷೆ (ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್ಸನ್ನು ಹುಡುಕುವುದು) ಸಿಗುವ ಕಡೆ ಅದನ್ನೇ ಬಳಸಿ: ವಿಶ್ವ ಆರೋಗ್ಯ ಸಂಸ್ಥೆ 30ನೇ ವಯಸ್ಸಿನಿಂದ, 5ರಿಂದ 10 ವರ್ಷಕ್ಕೊಮ್ಮೆ ಎಂದು ಹೇಳುತ್ತದೆ, ಮಾದರಿಯನ್ನು ಮಹಿಳೆ ತಾನೇ ಮನೆಯಲ್ಲಿ ತೆಗೆದುಕೊಳ್ಳಬಹುದು. ನಾಚಿಕೆಯಿಂದ ಶಿಬಿರದ ಕಡೆ ತಲೆಹಾಕದವರನ್ನು ತಲುಪಲು ಸ್ವಯಂಸೇವಕಿಯರಿಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಗರ್ಭಕೊರಳಿನ ಕ್ಯಾನ್ಸರನ್ನು ನಿರ್ಮೂಲನ ಮಾಡಲು 2020ರಲ್ಲಿ ಹಾಕಿಕೊಂಡ 2030ರ ಗುರಿಯಲ್ಲಿ ಮೊದಲನೆಯದು 15 ವರ್ಷ ವಯಸ್ಸಾಗುವುದರೊಳಗೆ ಶೇ. 90 ಹುಡುಗಿಯರಿಗೆ ಎಚ್‌ಪಿವಿ ಲಸಿಕೆ. ಶಾಲೆಯಲ್ಲಿರುವವರಿಗೆ ಲಸಿಕೆ ಸುಲಭ. ಶಾಲೆ ಬಿಟ್ಟ ಹುಡುಗಿಯರ ಪಟ್ಟಿ ಮಾಡಿಕೊಡುವುದು ಊರಿನವರಿಂದ ಮಾತ್ರ ಆಗುವ ಕೆಲಸ. ಬಾಯಿ ತಪಾಸಣೆಯಲ್ಲಿ ಕಟ್ಟುಹಲ್ಲು ತೆಗೆಸಿ, ಗಾಜ್ ಬಟ್ಟೆಯಿಂದ ನಾಲಗೆ ಹಿಡಿದು ಎರಡೂ ಅಂಚು, ನಾಲಗೆಯ ಕೆಳಗು, ಕೊನೆಯ ದವಡೆ ಹಲ್ಲಿನ ಹಿಂಭಾಗ ನೋಡಬೇಕು. ಅವಸರದಲ್ಲಿ ತಪ್ಪಿಹೋಗುವ ಜಾಗಗಳು ಇವೇ. ಮೂರು ವಾರವಾದರೂ ಮಾಯದ ಹುಣ್ಣನ್ನು ಮತ್ತೊಂದು ಮುಲಾಮು ಕೊಟ್ಟು ಕಳಿಸಬಾರದು.

ಗುಣವಾಗದ ಹಂತ ತಲುಪಿದವರನ್ನು ಆಸ್ಪತ್ರೆ ಮನೆಗೆ ಕಳುಹಿಸಿದ ದಿನ ಸಮುದಾಯದ ಪಾಲು ಅತಿ ದೊಡ್ಡದಾಗುತ್ತದೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಯ ಹಂತದ ರೋಗಿಗಳ ಆರೈಕೆ ಮನೆ) ತೆರೆದ ಸಿಸಿಲಿ ಸಾಂಡರ್ಸ್, ನೋವು ಮರುಕಳಿಸುವ ಮೊದಲೇ ಹೊತ್ತು ಹೊತ್ತಿಗೆ ಔಷಧ ಕೊಡುವ ಕ್ರಮವನ್ನು ಕಂಡದ್ದು ಸ್ವಯಂಸೇವಕಿಯಾಗಿ ದುಡಿಯುತ್ತಿದ್ದಾಗ. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಚಿಕ್ಕದಾಗಿ ಆರಂಭವಾದ ಉಪಶಾಮಕ ಆರೈಕೆ (ನೋವು, ಸಂಕಟ ತಗ್ಗಿಸುವ ಆರೈಕೆ) ನೆರೆಹೊರೆಯವರ ಜಾಲವಾಗಿ ಹಬ್ಬಿತು. ಸರ್ಕಾರ 2008ರಲ್ಲಿ ಅದಕ್ಕೆ ನೀತಿಯ ರೂಪ ಕೊಟ್ಟಿತು. ಬಾಯಿಂದ ಕೊಡುವ ಸಾದಾ ಮಾರ್ಫಿನ್ ನಾಲ್ಕು ಗಂಟೆಗೊಮ್ಮೆ ಹೋಗಬೇಕು, ನೋವು ಬಂದಾಗ ಮಾತ್ರ ಎಂದಲ್ಲ. ಜೊತೆಗೆ ಮಲಬದ್ಧತೆಗೆ ಔಷಧ ಮೊದಲ ದಿನದಿಂದಲೇ ಬೇಕು. ಅದನ್ನು ಬಿಟ್ಟದ್ದರಿಂದ ಹೊಟ್ಟೆ ಕಟ್ಟಿ, ಮಾರ್ಫಿನ್ನೇ ಬೇಡವೆಂದು ನಿಲ್ಲಿಸಿದವರು ಬಹಳ. ಸ್ವಯಂಸೇವಕರು ಭೇಟಿಯಲ್ಲಿ ಮಾತ್ರೆ ಎಣಿಸಿ, ವಾರದ ಕೊನೆಗೆ ಖಾಲಿಯಾಗುತ್ತದೆಯೇ ಎಂದು ನೋಡಿ, ರಜೆ ಬರುವ ಮೊದಲೇ ನರ್ಸಿಗೆ ತಿಳಿಸಬೇಕು. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಕೈ ಹಿಡಿದು ಕಲಿಸಬೇಕು. ಒಡೆದ ಗಡ್ಡೆಯ ವಾಸನೆಗೆ ಅಂಜಿ ಮೊಮ್ಮಕ್ಕಳೂ ಕೋಣೆಗೆ ಬಾರದ ಮನೆಗಳಿವೆ. ನರ್ಸು ಗಾಯ ತೊಳೆದು ಮೆಟ್ರೊನಿಡಜೋಲ್ ಪುಡಿ ಹಾಕಿದರೆ ಕೆಲವೇ ದಿನಗಳಲ್ಲಿ ಆ ವಾಸನೆ ಇಳಿಯುತ್ತದೆ. ಇದು ಗೊತ್ತಿಲ್ಲದೆ ಎಷ್ಟು ಜನ ಒಂಟಿಯಾಗಿ ಸತ್ತಿದ್ದಾರೆಂದು ನೆನೆದರೆ ಸಂಕಟವಾಗುತ್ತದೆ.

ಅಧಿಕಾರಿಗಳಿಗೆ ಇನ್ನೊಂದು ಸೂಕ್ಷ್ಮ. ದೂರದ ಆಸ್ಪತ್ರೆಯಲ್ಲಿ ವಿಳಾಸ ಕೇಳಿದಾಗ ರೋಗಿಗಳು ನಗರದಲ್ಲಿರುವ ನೆಂಟರ ಅಥವಾ ತಂಗುಮನೆಯ ವಿಳಾಸ ಬರೆಸುತ್ತಾರೆ. ಕ್ಯಾನ್ಸರ್ ನೋಂದಣಿಯಲ್ಲಿ ಆ ಪ್ರಕರಣ ನಗರಕ್ಕೆ ಸೇರುತ್ತದೆ, ನಿಮ್ಮ ಪ್ರದೇಶದಲ್ಲಿ ಕ್ಯಾನ್ಸರ್ ಕಡಿಮೆ ಎಂದು ಕಾಗದ ಹೇಳುತ್ತದೆ, ಮುಂದಿನ ಅನುದಾನವೂ ಹಾಗೇ ಬರುತ್ತದೆ. ಖಾಯಂ ವಾಸದ ವಿಳಾಸವನ್ನೇ ಬರೆಸುವಂತೆ ಸ್ವಯಂಸೇವಕರು ಕಾರ್ಡಿನ ಮೇಲೆ ಬರೆದುಕೊಟ್ಟರೆ ಈ ತಪ್ಪು ಬಹುಪಾಲು ತಪ್ಪುತ್ತದೆ.

ಸ್ವಯಂಸೇವಕರಿಗೂ ಮಿತಿ ಹಾಕಿ. ರಿಪೋರ್ಟು ಓದಿ ಅರ್ಥ ಹೇಳುವುದು, ಔಷಧ ನಿಲ್ಲಿಸಿ ಎನ್ನುವುದು, ಪಥ್ಯ ಬರೆದುಕೊಡುವುದು, ‘ಖಂಡಿತ ಗುಣವಾಗುತ್ತದೆ’ ಎಂದು ಮಾತು ಕೊಡುವುದು ಅವರ ಕೆಲಸವಲ್ಲ. ಮನೆ ಭೇಟಿಗೆ ಇಬ್ಬರಾಗಿ ಹೋಗಲಿ. ಒಬ್ಬರಿಗೆ ಒಂದೇ ಹೊತ್ತಿಗೆ ಹತ್ತಕ್ಕಿಂತ ಹೆಚ್ಚು ಕುಟುಂಬ ಕೊಡಬೇಡಿ. ರೋಗಿ ತೀರಿಕೊಂಡ ಮೇಲೆ ಆ ಸ್ವಯಂಸೇವಕರಿಗೆ ಕೆಲವು ವಾರ ಹೊಸ ಸಾಲು ಬೇಡ, ಅವರೊಡನೆ ಕೂತು ಮಾತಾಡುವವರು ಬೇಕು. ಪ್ರಯಾಣದ ಖರ್ಚನ್ನು ಅವರ ಕೈಯಿಂದ ಹಾಕಿಸಬೇಡಿ. ಕೈಯಿಂದ ಖರ್ಚು ಮಾಡಬಲ್ಲವರು ಮಾತ್ರ ಉಳಿಯುತ್ತಾರೆ, ರೋಗಿಗಳ ಬೀದಿಯಲ್ಲೇ ಬದುಕುವವರು ಬಿಟ್ಟುಹೋಗುತ್ತಾರೆ. ಇಡೀ ವ್ಯವಸ್ಥೆಗೆ ಸಂಬಳ ಪಡೆಯುವ ಒಬ್ಬ ಸಂಯೋಜಕರು ಇರಲೇಬೇಕು. ರಿಜಿಸ್ಟರು ಅವರ ಮೇಜಿನ ಮೇಲಿರಬೇಕು.

ಅಧಿಕಾರಿಗಳೇ, ಮೂರು ತಿಂಗಳಿಗೊಮ್ಮೆ ನಾಲ್ಕು ಸಂಖ್ಯೆಗಳನ್ನು ಆಸ್ಪತ್ರೆಯ ಹೊರಗಿನ ಫಲಕದಲ್ಲಿ ಹಾಕಿ: ಅನುಮಾನ ಬಂದವರು, 60 ದಿನದೊಳಗೆ ರೋಗನಿರ್ಣಯ ಮುಗಿದವರು, ಚಿಕಿತ್ಸೆ ಶುರು ಮಾಡಿದವರು, ಮುಗಿಸಿದವರು. ಯಾರ ಹೆಸರೂ ಬೇಡ, ಸಂಖ್ಯೆಗಳಷ್ಟೇ. ಕಡಿಮೆ ಇದ್ದರೂ ಹಾಕಿ. ಎಲ್ಲಿ ಜನ ಕಳೆದುಹೋಗುತ್ತಿದ್ದಾರೆಂದು ಆ ಫಲಕ ತೋರಿಸಿದರೆ ಅಲ್ಲಿಗೆ ಬೇಕಾದ ವಾಹನವನ್ನೋ ಹಾಸಿಗೆಯನ್ನೋ ಫೋನ್ ಮಾಡುವವರನ್ನೋ ಹೊಂದಿಸಿಕೊಡಲು ನಾವು ಸಿದ್ಧರಿದ್ದೇವೆ. ಮೊದಲ ಫಲಕ ಯಾವ ತಿಂಗಳು ಎಂದು ತಿಳಿಸಿ.

ಇಂತಿ,
ಕ್ಯಾನ್ಸರ್ ರೋಗಿಗಳ ಜೊತೆ ದುಡಿಯುವ ಸ್ವಯಂಸೇವಕರು ಮತ್ತು ಶುಶ್ರೂಷಕಿಯರು